ವಲಸೆಯ ಅಂಕಗಣಿತ

ಬೆಂಗಳೂರಿನ ಪಶ್ಚಿಮದ ಬಡಾವಣೆಗಳು ಬಹುಮಟ್ಟಿಗೆ ವಲಸೆ ಬಂದವರಿಂದ ತುಂಬಿದವು. ತುಮಕೂರು, ಹಾಸನ, ಮಂಡ್ಯಗಳ ಕಡೆಯಿಂದ ಬಂದು, ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿಯೋ ಪೀಣ್ಯದ ಕಾರ್ಖಾನೆಯಲ್ಲಿಯೋ ಸರ್ಕಾರಿ ಕಚೇರಿಯಲ್ಲಿಯೋ ಕೆಲಸ ಹಿಡಿದು, ವಠಾರದ ಬಾಡಿಗೆ ಮನೆಯಲ್ಲಿ ಕೆಲವು ವರ್ಷ ಕಳೆದು, ವಿಜಯನಗರದಲ್ಲಿಯೋ ಬಸವೇಶ್ವರನಗರದಲ್ಲಿಯೋ ಮೂವತ್ತು-ನಲವತ್ತರ ನಿವೇಶನವೊಂದನ್ನು ಸಂಪಾದಿಸಿದ ಆ ತಲೆಮಾರಿನವರನ್ನು ತಡೆದು ನಿಲ್ಲಿಸಿ, ನಿಮ್ಮ ವಯಸ್ಸಿಗೆ ಇಷ್ಟು ಅಂಕ, ವಿದ್ಯೆಗೆ ಇಷ್ಟು ಅಂಕ ಎಂದು ಅಳೆದವರು ಯಾರೂ ಇರಲಿಲ್ಲ. ಅವರ ಮಕ್ಕಳ ಪಾಡು ಬೇರೆ. ಅವರು ಟೊರಾಂಟೊಗೋ ಮೆಲ್ಬರ್ನಿಗೋ ನೆಲೆಸಲು ಹೊರಡಬೇಕೆಂದರೆ ಹುಟ್ಟಿದ ದಿನಾಂಕ, ಪದವಿ, ಉದ್ಯೋಗ, ಇಂಗ್ಲಿಷಿನ ಬರವಣಿಗೆ ಎಲ್ಲವನ್ನೂ ಅಂಕಗಳಾಗಿ ಬಿಡಿಸಿ, ಮತ್ತೆ ಕೂಡಿಸಿ, ಆ ಮೊತ್ತವು ಪರದೇಶದ ಸರ್ಕಾರ ಎಳೆದ ಗೆರೆಯನ್ನು ದಾಟುವುದೇ ಎಂದು ಕಾದುನೋಡಬೇಕು. ಈ ಗಣಿತದಲ್ಲಿ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಅನಂತರ ಎಂಬ ಕ್ರಮವೊಂದುಂಟು. ಬಹುಮಂದಿ ಅಂಕದ ಕೊರತೆಗಿಂತ ಹೆಚ್ಚಾಗಿ ಆ ಕ್ರಮದ ವ್ಯತ್ಯಾಸದಿಂದಲೇ ಹಿಂದೆ ಬೀಳುವರೆಂದು ನನಗೆ ತೋರುತ್ತದೆ.

ಅಂಕಪದ್ಧತಿಯ ಗುಣಾವಗುಣಗಳನ್ನು ಎಣಿಸುವವರು ಅದಕ್ಕೆ ಹಿಂದೆ ಏನಿತ್ತೆಂಬುದನ್ನೂ ನೆನೆಯಬೇಕು. 1901ರಲ್ಲಿ ಆಸ್ಟ್ರೇಲಿಯಾ ರಚಿಸಿಕೊಂಡ ವಲಸೆ ನಿರ್ಬಂಧ ಶಾಸನದಂತೆ, ಬೇಡವಾದ ಮನುಷ್ಯನೊಬ್ಬನು ಬಂದರಿಗೆ ಬಂದಿಳಿದರೆ, ಅಧಿಕಾರಿಯು ತನಗೆ ತೋಚಿದ ಯಾವುದಾದರೊಂದು ಯೂರೋಪಿಯನ್ ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನವನ್ನು ಬರೆಯಿಸಿ, ಅವನು ಬರೆಯಲಾರದೆ ಹೋದನೆಂಬ ಕಾರಣದಿಂದಲೇ ಅವನನ್ನು ಹಿಂದಕ್ಕೆ ಕಳುಹಿಸಬಹುದಾಗಿತ್ತು. 1934ರಲ್ಲಿ ಎಗಾನ್ ಕಿಶ್ ಎಂಬ ಲೇಖಕನು ಹಲವು ಭಾಷೆಗಳನ್ನು ಬಲ್ಲವನಾದುದರಿಂದ, ಅವನಿಗೆ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಪರೀಕ್ಷೆಯನ್ನೊಡ್ಡಿ ನಗೆಗೀಡಾದದ್ದೂ ಉಂಟು. ಅದನ್ನು ಆ ದೇಶದ ಉಚ್ಚ ನ್ಯಾಯಾಲಯವೇ ಒಪ್ಪಲಿಲ್ಲ. ಕೆನಡಾ ದೇಶವು 1951ರ ಒಪ್ಪಂದದಂತೆ ಇಡೀ ಭಾರತದಿಂದ ವರ್ಷಕ್ಕೆ 150 ಜನರನ್ನು ಮಾತ್ರ ಬರಗೊಡುತ್ತಿತ್ತು. ಜನಾಂಗವನ್ನೂ ಹುಟ್ಟಿದ ನಾಡನ್ನೂ ನೋಡದೆ, ವಿದ್ಯೆ, ವೃತ್ತಿ, ವಯಸ್ಸು, ಭಾಷೆಗಳನ್ನು ಅಂಕಗಳಿಂದ ಅಳೆದು, ನೂರಕ್ಕೆ ಐವತ್ತು ಬಂದವರನ್ನು ಒಳಗೆ ಬಿಡುವ ವಿಧಾನವನ್ನು ಅದೇ ಕೆನಡಾ 1967ರಲ್ಲಿ ಮೊದಲಾಗಿ ಜಾರಿಗೆ ತಂದಿತು. ಆಸ್ಟ್ರೇಲಿಯಾ 1979ರಲ್ಲಿಯೂ ನ್ಯೂಜಿಲೆಂಡ್ 1991ರಲ್ಲಿಯೂ ಈ ದಾರಿಗೆ ಬಂದವು. ಅಮೆರಿಕದಲ್ಲಿ ಅಂಕಗಳಿಲ್ಲ; ಅಲ್ಲಿ ಯಾವ ಒಂದು ದೇಶಕ್ಕೂ ನೂರಕ್ಕೆ ಏಳಕ್ಕಿಂತ ಹೆಚ್ಚು ಪಾಲು ಇಲ್ಲವೆಂಬ ನಿಯಮವಿರುವುದರಿಂದ ಹಸಿರು ಕಾರ್ಡಿಗೆ ನಿಂತ ಭಾರತೀಯರ ಸಾಲು ಎಷ್ಟು ಉದ್ದವೆಂಬುದನ್ನು ನಮ್ಮ ಬೀದಿಬೀದಿಯ ತಾಯಿತಂದೆಯರು ಬಲ್ಲರು.

ಕೆನಡಾದ ಈಗಿನ ಏರ್ಪಾಟಿಗೆ ಎಕ್ಸ್‌ಪ್ರೆಸ್ ಎಂಟ್ರಿ ಎಂದು ಹೆಸರು. ಅದು 2015ರ ಜನವರಿಯಲ್ಲಿ ಪ್ರಾರಂಭವಾಯಿತು. ಇದರಲ್ಲಿ ಎರಡು ಲೆಕ್ಕಗಳಿವೆ. ಹೊಸಬರು ಇವೆರಡನ್ನೂ ಕಲಸಿಕೊಂಡು ದಿಗಿಲಾಗುವುದೇ ಹೆಚ್ಚು. ಮೊದಲನೆಯದು ಅರ್ಹತೆಯ ಲೆಕ್ಕ: ಕೆನಡಾದ ಹೊರಗೆ ದುಡಿದ ಕುಶಲ ಕೆಲಸಗಾರನು ನೂರಕ್ಕೆ 67 ಅಂಕ ಪಡೆದರೆ ಅವನ ಹೆಸರು ಪಟ್ಟಿಗೆ ಸೇರುತ್ತದೆ, ಅಷ್ಟೇ. ಎರಡನೆಯದು 1200 ಅಂಕಗಳ ಶ್ರೇಣಿಯ ಲೆಕ್ಕ. ಪಟ್ಟಿಯಲ್ಲಿರುವವರನ್ನೆಲ್ಲ ಈ ಮೊತ್ತದ ಪ್ರಕಾರ ಸಾಲಾಗಿ ನಿಲ್ಲಿಸಿ, ಆಗಿಂದಾಗ್ಗೆ ಮೇಲಿನಿಂದ ಕೆಲವರಿಗೆ ಆಹ್ವಾನ ಕೊಡುತ್ತಾರೆ. ಆದುದರಿಂದ ಇಲ್ಲಿ ತೇರ್ಗಡೆಯ ಅಂಕ ಎಂಬುದಿಲ್ಲ. ಆ ದಿನ ಪಕ್ಕದಲ್ಲಿ ಯಾರು ನಿಂತಿದ್ದಾರೆಂಬುದರ ಮೇಲೆ ಗೆರೆ ಏರುತ್ತದೆ, ಇಳಿಯುತ್ತದೆ. 2021ರ ಫೆಬ್ರವರಿ 13ರಂದು, ಸಾಂಕ್ರಾಮಿಕದ ಕಾಲದಲ್ಲಿ, ಕೆನಡಾದೊಳಗೆ ಆಗಲೇ ದುಡಿಯುತ್ತಿದ್ದವರಿಗಾಗಿ ಆ ಗೆರೆ 75ಕ್ಕೆ ಇಳಿದದ್ದುಂಟು. ಅಂಥ ದಿನವನ್ನು ನೆಚ್ಚಿಕೊಂಡು ಯಾರೂ ಯೋಜನೆ ಹಾಕತಕ್ಕದ್ದಲ್ಲ. ಈಚಿನ ವರ್ಷಗಳ ಸಾಮಾನ್ಯ ಸುತ್ತುಗಳಲ್ಲಿ ಅದು ಐನೂರನ್ನು ದಾಟಿಯೇ ನಿಂತಿದೆ.

ಒಂದು ಉದಾಹರಣೆಯಿಂದ ಈ ಗಣಿತವನ್ನು ಬಿಡಿಸುವುದು ಮೇಲು. ಮೈಸೂರು ರಸ್ತೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಬಿ.ಇ. ಓದಿ, ಕೆಂಗೇರಿಯಲ್ಲಿ ಮನೆ ಮಾಡಿಕೊಂಡು, ಮೂರು ವರ್ಷ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದ, ಇನ್ನೂ ಮದುವೆಯಾಗದ, ಇಪ್ಪತ್ತೊಂಬತ್ತು ವರ್ಷದ ಯುವಕನೊಬ್ಬನನ್ನು ಊಹಿಸಿಕೊಳ್ಳೋಣ. ಅವನ ವಯಸ್ಸಿಗೆ 110, ಪದವಿಗೆ 120. ಇಂಗ್ಲಿಷ್ ಪರೀಕ್ಷೆಯಲ್ಲಿ ಕೇಳುವುದಕ್ಕೆ 8, ಓದು, ಬರಹ, ಮಾತುಗಳಿಗೆ ತಲಾ 7 ಬ್ಯಾಂಡ್ ಬಂದರೆ ಕೆನಡಾದ ಮಾನದಂಡದಲ್ಲಿ ಅದು ಒಂಬತ್ತನೆಯ ಹಂತ, ಅದಕ್ಕೆ 124. ವಿದ್ಯೆಯೂ ಅನುಭವವೂ ಭಾಷೆಯೊಡನೆ ಸೇರಿದಾಗ ದೊರಕುವ ಹೆಚ್ಚುವರಿ ಅಂಕಗಳು 25 ಮತ್ತು 50. ಒಟ್ಟು 429. ಈಗ ಅದೇ ಯುವಕನಿಗೆ ಬರವಣಿಗೆಯಲ್ಲಿ ಮಾತ್ರ ಏಳರ ಬದಲು ಆರೂವರೆ ಬಂದಿತೆನ್ನಿ. ಅರ್ಧ ಬ್ಯಾಂಡಿಗೆ ಎಂಟಂಕ ಹೋಗುವುದು ನ್ಯಾಯವೇ ಸರಿ. ಆದರೆ ನಾಲ್ಕು ವಿಭಾಗಗಳಲ್ಲಿಯೂ ಒಂಬತ್ತನೆಯ ಹಂತ ಮುಟ್ಟದ ಕಾರಣ ಆ ಹೆಚ್ಚುವರಿ ಅಂಕಗಳೂ 13 ಮತ್ತು 25ಕ್ಕೆ ಕುಗ್ಗಿ, ಒಟ್ಟು ಮೊತ್ತ 384ಕ್ಕೆ ಬರುತ್ತದೆ. ಒಂದು ಪ್ರಬಂಧದಲ್ಲಿ ಅರ್ಧ ಬ್ಯಾಂಡು ಜಾರಿದುದಕ್ಕೆ ನಲವತ್ತೈದು ಅಂಕಗಳ ದಂಡ! ಎರಡು ವರ್ಷ ಓದಿ ಸ್ನಾತಕೋತ್ತರ ಪದವಿ ಪಡೆದರೂ ಬಿ.ಇ.ಗಿಂತ ಹೆಚ್ಚಾಗಿ ದೊರಕುವುದು ನಲವತ್ತೇ. ಸಂಜೆ ಕೆಲಸದಿಂದ ಬಂದು ನಾಲ್ಕು ತಿಂಗಳು ಇಂಗ್ಲಿಷ್ ಬರವಣಿಗೆಯನ್ನು ತಿದ್ದಿಕೊಳ್ಳುವುದಕ್ಕೆ ಸಮನಾದ ಲಾಭ ಈ ಇಡೀ ವ್ಯವಹಾರದಲ್ಲಿ ಮತ್ತೊಂದಿಲ್ಲವಾದ್ದರಿಂದ, ಯಾವ ಸಲಹಾ ಸಂಸ್ಥೆಗೂ ಒಂದು ರೂಪಾಯಿ ಕೊಡುವ ಮೊದಲು ಭಾಷಾ ಪರೀಕ್ಷೆಯನ್ನು ಬರೆದು ಮುಗಿಸಬೇಕೆಂಬುದು ನನ್ನ ದೃಢವಾದ ಮಾತು. ಅದರ ಫಲಿತಾಂಶ ಕೆನಡಾಕ್ಕೆ ಎರಡು ವರ್ಷ, ಆಸ್ಟ್ರೇಲಿಯಾಕ್ಕೆ ಮೂರು ವರ್ಷ ಸಲ್ಲುತ್ತದೆ.

ಇನ್ನು ವಯಸ್ಸು. ಮೂವತ್ತು ತುಂಬಿದ ದಿನ 110 ಹೋಗಿ 105 ಆಗುತ್ತದೆ. ಮೂವತ್ತೈದಕ್ಕೆ 77, ನಲವತ್ತಕ್ಕೆ 50, ನಲವತ್ತೈದಕ್ಕೆ ಸೊನ್ನೆ. ಹುಟ್ಟುಹಬ್ಬದ ದಿನ ಯಾರೂ ಕೇಳದೆಯೇ ಗಣಕಯಂತ್ರ ಅಂಕವನ್ನು ಕಳೆದುಬಿಡುತ್ತದೆ. ‘ಇನ್ನೂ ನಾಲ್ಕು ವರ್ಷ ಅನುಭವವಾಗಲಿ, ಆಮೇಲೆ ಅರ್ಜಿ ಹಾಕಿದರಾಯಿತು’ ಎಂದು ಹಿರಿಯರು ಹೇಳುವ ಮಾತು ನಮ್ಮ ಸರ್ಕಾರಿ ನೌಕರಿಯ ಜ್ಯೇಷ್ಠತೆಗೆ ಒಪ್ಪುವುದೇ ಹೊರತು ಇಲ್ಲಿಗೆ ಒಪ್ಪದು. ಕೆನಡಾದ ಶ್ರೇಣಿಯಲ್ಲಿ ಆ ದೇಶದ ಹೊರಗಿನ ಅನುಭವಕ್ಕೆ ಮೂರು ವರ್ಷದ ಮೇಲೆ ಒಂದಂಕವೂ ಹೆಚ್ಚುವುದಿಲ್ಲ. ಹನ್ನೆರಡು ವರ್ಷ ದುಡಿದವನೂ ಮೂರು ವರ್ಷ ದುಡಿದವನೂ ಅಲ್ಲಿ ಸಮಾನರು, ಮತ್ತು ಹನ್ನೆರಡು ವರ್ಷದವನು ಆ ವೇಳೆಗೆ ವಯಸ್ಸಿನ ಅಂಕಗಳನ್ನು ಕಳೆದುಕೊಂಡಿರುತ್ತಾನೆ. ಆಸ್ಟ್ರೇಲಿಯಾ ಇಷ್ಟು ನಿಷ್ಠುರವಲ್ಲ. ಅಲ್ಲಿ ಇಪ್ಪತ್ತೈದರಿಂದ ಮೂವತ್ತೆರಡರವರೆಗೆ ಒಂದೇ ಸಮನೆ 30 ಅಂಕ, ಮೂವತ್ತಮೂರಕ್ಕೆ 25, ನಲವತ್ತಕ್ಕೆ 15. ಅನುಭವಕ್ಕೋ ಎಂಟು ವರ್ಷದವರೆಗೂ ಬೆಲೆಯುಂಟು. ನಲವತ್ತೈದು ತುಂಬಿದರೆ ಮಾತ್ರ ಬಾಗಿಲು ಮುಚ್ಚಿತು.

ಕಾಗದಪತ್ರಗಳ ಕಾಂಡ ಇದಕ್ಕಿಂತ ದೊಡ್ಡದು. ನಮ್ಮ ಪದವಿ ಅಲ್ಲಿನ ಯಾವ ಪದವಿಗೆ ಸಮವೆಂದು ಮಾನ್ಯತೆ ಪಡೆದ ಸಂಸ್ಥೆಯೊಂದು ಬರೆದುಕೊಡಬೇಕು. ಆ ವರದಿ ವಲಸೆಯ ಕೆಲಸಕ್ಕೆ ಐದು ವರ್ಷ ಸಲ್ಲುವುದರಿಂದ ಅದನ್ನು ಬೇಗನೆ ಮಾಡಿಸಿಕೊಂಡವನಿಗೆ ನಷ್ಟವಿಲ್ಲ. ಆದರೆ ಆ ಸಂಸ್ಥೆಯು ಅಂಕಗಳ ಪ್ರತಿಯನ್ನು ಅಭ್ಯರ್ಥಿಯ ಕೈಯಿಂದ ಒಪ್ಪದೆ ವಿಶ್ವವಿದ್ಯಾಲಯದಿಂದಲೇ ಬಯಸುತ್ತದೆ. ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಓದಿದವರಿಗೆ ಕಚೇರಿ ಹತ್ತಿರವೇ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದವರಿಗೆ ಕೇಂದ್ರ ಬೆಳಗಾವಿ. ಸ್ವಾಯತ್ತ ಕಾಲೇಜುಗಳಲ್ಲಿ ಅಂಕಪಟ್ಟಿ ಕಾಲೇಜಿನದು, ಪದವಿ ವಿಶ್ವವಿದ್ಯಾಲಯದ್ದು ಎಂಬ ದ್ವೈತ ಬೇರೆ. ಯಾವುದು ಎಲ್ಲಿಂದ ಹೊರಡಬೇಕೆಂದು ಮೊದಲೇ ವಿಚಾರಿಸದವರು ವಾರಗಟ್ಟಲೆ ಓಡಾಡಬೇಕಾಗುತ್ತದೆ.

ಅದಕ್ಕಿಂತ ಸೂಕ್ಷ್ಮವಾದ ತೊಡಕು ಹೆಸರಿನದು. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಮಂಜುನಾಥನೆಂಬವನ ಹೆಸರಿನೊಡನೆ ಕೆ. ಎಸ್. ಎಂಬೆರಡು ಇನಿಷಿಯಲ್‌ಗಳಿರುತ್ತವೆ, ಕೆ ಎಂದರೆ ಕುಣಿಗಲು, ಎಸ್ ಎಂದರೆ ತಂದೆ ಶಿವಣ್ಣ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅವು ಹೆಸರಿನ ಮುಂದಿದ್ದರೆ ಪದವಿಪತ್ರದಲ್ಲಿ ಹಿಂದೆ. ಇನಿಷಿಯಲ್‌ಗಳನ್ನು ಒಪ್ಪದ ಪಾಸ್‌ಪೋರ್ಟಿನಲ್ಲಿ ಅವೇ ಹಿಗ್ಗಿ ಊರೂ ತಂದೆಯೂ ಮನೆತನದ ಹೆಸರಾಗಿ ಕುಳಿತಿರುತ್ತಾರೆ. ಕಂಪನಿಯ ಪತ್ರದಲ್ಲಿ ಬರಿಯ ಮಂಜುನಾಥ. ಊರೆಲ್ಲ ಬಲ್ಲ ಈ ಒಬ್ಬ ಮನುಷ್ಯ ಒಟ್ಟಾವಾದ ಅಧಿಕಾರಿಯ ಕಣ್ಣಿಗೆ ನಾಲ್ವರಾಗಿ ಕಾಣಿಸಿದರೆ ಅವನದೇನು ತಪ್ಪು? ಇವೆಲ್ಲವೂ ಒಬ್ಬನೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸುವ ಕೆಲಸ ಅರ್ಜಿಯ ಕಡೆಯ ವಾರಕ್ಕೆ ಉಳಿಯತಕ್ಕದ್ದಲ್ಲ. ದಂಪತಿಗಳಾದರೆ ಮದುವೆಯ ನೋಂದಣಿಯೂ ಹಾಗೆಯೇ; ಲಗ್ನಪತ್ರಿಕೆಯೂ ಛತ್ರದ ರಸೀದಿಯೂ ಸಾಲವು.

ಉದ್ಯೋಗದ ಪತ್ರ ಎಲ್ಲಕ್ಕಿಂತ ಕಠಿನವಾದದ್ದು. ಕೆನಡಾವು ಸಮಸ್ತ ವೃತ್ತಿಗಳಿಗೂ ಐದು ಅಂಕಿಗಳ ಸಂಖ್ಯೆ ಕೊಟ್ಟಿದೆ: ಸಾಫ್ಟ್‌ವೇರ್ ಇಂಜಿನಿಯರಿಗೆ 21231, ಟೂಲ್ ಅಂಡ್ ಡೈ ಮೇಕರಿಗೆ 72101, ಹೀಗೆ. ಕೆಲಸಗಾರನ ಪದನಾಮ ಏನೇ ಇರಲಿ, ಅವನು ದಿನನಿತ್ಯ ಮಾಡುತ್ತಿದ್ದ ಕೆಲಸಗಳು ಆ ಸಂಖ್ಯೆಯ ವಿವರಣೆಗೆ ಹೊಂದಬೇಕು; ಕೆಲಸಗಳ ವಿವರ, ವಾರದ ಗಂಟೆಗಳು, ಸಂಬಳ, ಅವಧಿ ಎಲ್ಲವೂ ಕಂಪನಿಯ ಮುದ್ರಿತ ಕಾಗದದ ಮೇಲೆ ಸಹಿಯೊಡನೆ ಇರಬೇಕು. ನಮ್ಮ ದೊಡ್ಡ ಕಂಪನಿಗಳ ಎಚ್.ಆರ್. ವಿಭಾಗಗಳು ಇಷ್ಟನ್ನು ಬರೆದುಕೊಡಲು ಒಪ್ಪುವುದು ಅಪರೂಪ; ಸೇರಿದ ದಿನ, ಬಿಟ್ಟ ದಿನ, ಪದನಾಮಗಳ ಒಂದು ರಿಲೀವಿಂಗ್ ಲೆಟರ್ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಕಾಮಾಕ್ಷಿಪಾಳ್ಯದ ಸಣ್ಣ ವರ್ಕ್‌ಷಾಪಿನವನ ಕಷ್ಟ ಇದರ ತಲೆಕೆಳಗು: ಯಜಮಾನರು ಏನು ಬೇಕಾದರೂ ಬರೆದುಕೊಡಲು ಸಿದ್ಧರು, ಆದರೆ ಸಂಬಳ ನಗದಾಗಿ ಬಂದದ್ದು, ಪಿ.ಎಫ್. ಇಲ್ಲ, ಬ್ಯಾಂಕಿನಲ್ಲಿ ಗುರುತಿಲ್ಲ. ಬಾಯಿಮಾತಿನ ನಂಬಿಕೆಯಿಂದ ನಡೆಯುವ ಆ ದುಡಿಮೆಗೆ ಅಂಕಪದ್ಧತಿಯಲ್ಲಿ ಸ್ಥಾನ ದೊರಕುವುದು ಕಷ್ಟ, ಮತ್ತು ಇದು ಆ ಪದ್ಧತಿಯ ದೊಡ್ಡ ಅನ್ಯಾಯವೆಂದು ನಾನು ಎಣಿಸುತ್ತೇನೆ. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ, 1972ರಲ್ಲಿ ಡೆನ್ಮಾರ್ಕಿನ ನೆರವಿನೊಡನೆ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ಕಲಿತು ಹೊರಬಂದ ಹುಡುಗನ ಕೈಚಳಕ ಯಾವ ದೇಶದ ಕಾರ್ಖಾನೆಯಲ್ಲಿಯೂ ಸಲ್ಲುವಂಥದು. ಅವನಿಗೆ ಹೇಳಬೇಕಾದುದು ಇಷ್ಟೇ: ಮೊದಲ ತಿಂಗಳಿನಿಂದಲೇ ಸಂಬಳ ಬ್ಯಾಂಕಿಗೆ ಬರಲಿ, ಪಿ.ಎಫ್. ಮತ್ತು ಇ.ಎಸ್.ಐ. ಕಟ್ಟಿಸಿಕೋ, ಕೆಲಸ ಬಿಡುವ ದಿನವೇ, ಮೇಲಿನವರೊಡನೆ ಮಾತು ಚೆನ್ನಾಗಿರುವಾಗಲೇ, ಪತ್ರ ಬರೆಯಿಸಿಕೋ.

ಆಸ್ಟ್ರೇಲಿಯಾದಲ್ಲಿ ಈ ಪರಿಶೀಲನೆಯನ್ನು ವೃತ್ತಿಸಂಸ್ಥೆಗಳೇ ಮಾಡುತ್ತವೆ. ಕಂಪ್ಯೂಟರ್ ವೃತ್ತಿಯವರನ್ನು ನೋಡುವ ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿಯು ಆರಂಭದ ಕೆಲವು ವರ್ಷಗಳನ್ನು ಕಲಿಕೆಯ ಕಾಲವೆಂದು ಕಳೆದುಬಿಡುವುದರಿಂದ, ಏಳು ವರ್ಷ ದುಡಿದವನಿಗೆ ಐದಕ್ಕಷ್ಟೇ ಅಂಕ ಬರುವುದುಂಟು. ಕನಿಷ್ಠ 65 ಅಂಕ ಬೇಕೆಂಬುದು ಅಲ್ಲಿನ ನಿಯಮವಾದರೂ, ಪೈಪೋಟಿಯಿರುವ ವೃತ್ತಿಗಳಲ್ಲಿ ಅದರಿಂದ ಆಹ್ವಾನ ಬಾರದು. ಮೂವತ್ತು ವರ್ಷದ ಅವಿವಾಹಿತ ಇಂಜಿನಿಯರೊಬ್ಬಳಿಗೆ ವಯಸ್ಸಿನ 30, ಪದವಿಯ 15, ಅತ್ಯುತ್ತಮ ಇಂಗ್ಲಿಷಿನ 20, ಐದು ವರ್ಷದ ಅನುಭವದ 10, ಒಂಟಿಯಾಗಿರುವುದರ 10 ಸೇರಿ 85 ಆಗುತ್ತದೆ. ಒಂಟಿತನಕ್ಕೂ ಅಂಕವೇ ಎಂದು ಓದುಗರು ಬೆರಗಾಗಬಹುದು. ಕುಶಲ ವೃತ್ತಿಯಿರುವ ಸಂಗಾತಿಯಿದ್ದರೂ ಅದೇ ಹತ್ತು, ಇಂಗ್ಲಿಷ್ ಮಾತ್ರ ಬಲ್ಲ ಸಂಗಾತಿಯಾದರೆ ಐದು. ಜಾತಕ ಕೂಡಿದರೂ ಅಂಕ ಕೂಡದ ಸಂಬಂಧಗಳನ್ನು ಕುರಿತು ನಮ್ಮ ಜೋಯಿಸರು ಇನ್ನು ಮೇಲೆ ಯೋಚಿಸಬೇಕಾದೀತು.

ಈ 85ರ ಮೇಲೆ ಇನ್ನೈದು ಅಂಕ ತರುವ ಒಂದು ದಾರಿ ಕನ್ನಡಿಗರಿಗೆ ವಿಶೇಷವಾದುದು. ಸಮುದಾಯ ಭಾಷೆಯ ಪರೀಕ್ಷೆಯೊಂದನ್ನು ಅಲ್ಲಿನ ‘ನಾಟಿ’ ಎಂಬ ಭಾಷಾಂತರ ಪ್ರಾಧಿಕಾರ ನಡೆಸುತ್ತದೆ. ಅದರಲ್ಲಿ ಕನ್ನಡವೂ ಸೇರಿದೆ. ಇಂಗ್ಲಿಷ್ ಆಡುವವರೊಬ್ಬರು, ಕನ್ನಡ ಆಡುವವರೊಬ್ಬರು, ಇವರಿಬ್ಬರ ನಡುವಣ ಎರಡು ಸಂಭಾಷಣೆಗಳನ್ನು ಕೇಳುತ್ತ, ತುಣುಕು ತುಣುಕಾಗಿ ಅತ್ತಿಂದಿತ್ತ ಹೇಳಬೇಕು. ವಿಷಯ ಆಸ್ಪತ್ರೆಯದಿರಬಹುದು, ಕೋರ್ಟಿನದಿರಬಹುದು, ಮನೆಬಾಡಿಗೆಯದೋ ವಿಮೆಯದೋ ಇರಬಹುದು. ಒಟ್ಟು 90 ಅಂಕ. ಒಂದೊಂದರಲ್ಲಿ ಕನಿಷ್ಠ 29, ಎರಡೂ ಸೇರಿ 63 ಬಂದರೆ ತೇರ್ಗಡೆ. ಐವತ್ತು ಪದಗಳ ಉಕ್ತಲೇಖನದಿಂದ ನಮ್ಮಂಥವರನ್ನು ದೂರವಿಡುತ್ತಿದ್ದ ದೇಶವೇ ಇಂದು ಕನ್ನಡ ಬಲ್ಲೆನೆಂಬವರಿಗೆ ಐದಂಕ ಕೊಟ್ಟು ಕರೆಯುವುದು ಚರಿತ್ರೆಯ ವಿನೋದಗಳಲ್ಲೊಂದು. ಮನೆಯಲ್ಲಿ ಕನ್ನಡವಾಡಿದ ಮಾತ್ರಕ್ಕೆ ಇದು ಲೀಲಾಜಾಲವೆಂದು ತಿಳಿಯಬಾರದು. ವೈದ್ಯರು ಹೇಳಿದ ಔಷಧದ ಕ್ರಮವನ್ನಾಗಲಿ ಸಾಲದ ಷರತ್ತನ್ನಾಗಲಿ ಒಂದು ಮಾತೂ ಬಿಡದೆ ಕನ್ನಡದಲ್ಲಿ ತಟ್ಟನೆ ಹೇಳಬೇಕಾದಾಗ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ತಡವರಿಸುವುದು ಸಹಜ. ದಿನಪತ್ರಿಕೆಯೊಂದನ್ನು ಮೂರು ತಿಂಗಳು ಗಟ್ಟಿಯಾಗಿ ಓದಿದರೆ ಉಪಕಾರವಾದೀತು.

ಗಂಡಹೆಂಡಿರಲ್ಲಿ ಮುಖ್ಯ ಅರ್ಜಿದಾರರು ಯಾರಾಗಬೇಕೆಂಬುದನ್ನೂ ಲೆಕ್ಕ ಹಾಕಿಯೇ ನಿರ್ಧರಿಸಬೇಕು. ಯಜಮಾನರ ಹೆಸರೇ ಮೊದಲಿರಲೆಂಬ ರೂಢಿಯಿಂದ ಅಂಕ ಕಳೆದುಕೊಳ್ಳುವ ಮನೆಗಳುಂಟು. ಹೆಂಡತಿ ವಯಸ್ಸಿನಲ್ಲಿ ಕಿರಿಯಳು, ಇಂಗ್ಲಿಷಿನಲ್ಲಿ ಮೇಲು, ಅದರ ಮೇಲೆ ದಾದಿಯ ವೃತ್ತಿಯವಳಾದರೆ, 2023ರಿಂದ ಕೆನಡಾ ಆರೋಗ್ಯ ವೃತ್ತಿಗಳಿಗಾಗಿ ಬೇರೆಯಾಗಿಯೇ ಸುತ್ತುಗಳನ್ನು ನಡೆಸುತ್ತಿರುವುದರಿಂದ, ಅವಳ ಅರ್ಜಿಗೆ ಗಂಡನು ಜೊತೆಗಾರನಾಗಿ ಹೋಗುವುದೇ ವಿವೇಕ.

ಮೇಲೆ ಹೇಳಿದ 429ರ ಯುವಕನು ಐನೂರನ್ನು ಹೇಗೆ ಮುಟ್ಟಿಯಾನು? ಪ್ರಾಂತವೊಂದು ಅವನನ್ನು ನಾಮನಿರ್ದೇಶನ ಮಾಡಿದರೆ ಒಮ್ಮೆಗೇ 600 ಅಂಕ ಕೂಡುತ್ತದೆ, ಆದರೆ ಪ್ರಾಂತಗಳ ಬೇಡಿಕೆ ಋತುವಿಗೊಂದಾಗಿ ಬದಲಾಗುತ್ತದೆ. ಕೆಲಸದ ಕರೆಯಿದ್ದರೆ ದೊರಕುತ್ತಿದ್ದ 50 ಅಥವಾ 200 ಅಂಕಗಳನ್ನು 2025ರ ಮಾರ್ಚಿನಲ್ಲಿ ತೆಗೆದುಹಾಕಿದ್ದಾರೆ; ಹಳೆಯ ಪುಸ್ತಕ ಹಿಡಿದು ಅದನ್ನು ಇನ್ನೂ ಮಾರುವವರಿದ್ದರೆ ಎಚ್ಚರವಾಗಿರಬೇಕು. ಅವನ ಕೈಯಲ್ಲೇ ಇರುವ ಉಪಾಯ ಫ್ರೆಂಚ್ ಭಾಷೆ. ಅದರಲ್ಲಿ ಏಳನೆಯ ಹಂತ ಮುಟ್ಟಿದವರಿಗೆ ಅಂಕವೂ ಹೆಚ್ಚು, ಬೇರೆ ಸುತ್ತುಗಳೂ ಉಂಟು, ಮತ್ತು ಆ ಸುತ್ತುಗಳಲ್ಲಿ ಗೆರೆ ನಾನೂರರ ಕೆಳಗೂ ಇಳಿದಿದೆ. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಜ಼್‌ನಲ್ಲಿ ಅದನ್ನು ಕಲಿಸುತ್ತಾರೆ. ಏಳನೆಯ ಹಂತಕ್ಕೆ ಒಂದೂವರೆ ಎರಡು ವರ್ಷದ ಪರಿಶ್ರಮ ಬೇಕಾದೀತು. ಜರ್ಮನಿಯೂ 2024ರ ಜೂನ್ 1ರಿಂದ ಆರು ಅಂಕಗಳ ಅವಕಾಶ ಕಾರ್ಡೊಂದನ್ನು ತೆರೆದಿದ್ದು, ಅದರಲ್ಲಿ ಹೋದವರು ಒಂದು ವರ್ಷ ಅಲ್ಲಿದ್ದು ಕೆಲಸ ಹುಡುಕಬಹುದು; ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಇಂದಿರಾನಗರದಲ್ಲಿದೆ, ಕೆಂಗೇರಿಯಿಂದ ನೇರಳೆ ಮಾರ್ಗದ ಮೆಟ್ರೋದಲ್ಲಿ ಇಳಿದು ಹತ್ತುವ ತೊಂದರೆಯಿಲ್ಲದೆ ಹೋಗಬಹುದು.

ಹಣದ ವಿಷಯದಲ್ಲಿ ನಮ್ಮವರ ಸಂಪತ್ತೆಲ್ಲ ಇರುವುದು ಲೆಕ್ಕಕ್ಕೆ ಬಾರದ ರೂಪದಲ್ಲಿ. ಕೆಂಗೇರಿ ಉಪನಗರದ ನಿವೇಶನ ಕೋಟಿ ಬಾಳಿದರೂ, ಲಾಕರಿನಲ್ಲಿ ಒಡವೆಯಿದ್ದರೂ, ಕೆನಡಾ ಕೇಳುವುದು ಬ್ಯಾಂಕಿನಲ್ಲಿ ಸಾಲವಿಲ್ಲದೆ ಸಿದ್ಧವಾಗಿರುವ ನಗದು ಮತ್ತು ಅದರ ಆರು ತಿಂಗಳ ಸರಾಸರಿ. ಅರ್ಜಿಯ ಹಿಂದಿನ ವಾರ ಚೀಟಿ ಎತ್ತಿ ತುಂಬಿದ ಮೊತ್ತಕ್ಕೆ ವಿವರಣೆ ಕೊಡಬೇಕಾಗುತ್ತದೆ. ತಂದೆ ಕೊಟ್ಟದ್ದಾದರೆ ದಾನಪತ್ರ ಬೇಕು. ಸುಳ್ಳು ಅನುಭವಪತ್ರವನ್ನೋ ಎರವಲು ಹಣವನ್ನೋ ತೋರಿಸಿ ಸಿಕ್ಕಿಬಿದ್ದವರಿಗೆ ಕೆನಡಾ ಐದು ವರ್ಷ ಪ್ರವೇಶವನ್ನೇ ನಿಷೇಧಿಸುತ್ತದೆ. ಹಣ ಪಡೆದು ಅರ್ಜಿಯಲ್ಲಿ ಸಲಹೆ ಕೊಡುವವರು ಆ ದೇಶದ ವಕೀಲರೋ, ಅಲ್ಲಿನ ವಲಸೆ ಸಲಹೆಗಾರರ ಕಾಲೇಜಿನಲ್ಲಿ ನೋಂದಾಯಿತರೋ ಆಗಿರಬೇಕೆಂಬುದು ಕಾಯಿದೆ. ಗಾಜಿನ ಕಚೇರಿಯೂ ಗೋಡೆಯ ಮೇಲಿನ ಮೇಪಲ್ ಎಲೆಯೂ ಅದಕ್ಕೆ ಬದಲಾಗವು. ನೋಂದಣಿ ಸಂಖ್ಯೆಯನ್ನು ಕೇಳಿ ಅದನ್ನು ಆ ಕಾಲೇಜಿನ ಪಟ್ಟಿಯಲ್ಲಿ ನೋಡಿಕೊಳ್ಳಲು ಐದು ನಿಮಿಷ ಸಾಕು.

ಆಹ್ವಾನ ಬಂದ ಮೇಲೆ ಅರವತ್ತು ದಿನ. ಅಷ್ಟರೊಳಗೆ ಮೇಲಿನ ಕಾಗದಗಳೆಲ್ಲ, ವೈದ್ಯಕೀಯ ಪರೀಕ್ಷೆ, ಪಾಸ್‌ಪೋರ್ಟ್ ಕಚೇರಿಯ ಮೂಲಕ ಪೊಲೀಸರ ದೃಢೀಕರಣ, ಮತ್ತು ಕಳೆದ ಹತ್ತು ವರ್ಷಗಳಲ್ಲಿ ಎಡೆಬಿಡದೆ ಆರು ತಿಂಗಳು ಇದ್ದ ಪ್ರತಿಯೊಂದು ದೇಶದ ಪೊಲೀಸ್ ಪತ್ರ ಸಲ್ಲಿಕೆಯಾಗಬೇಕು. ಕಂಪನಿಯ ಕೆಲಸಕ್ಕೆಂದು ವರ್ಷವೊಂದು ಅಮೆರಿಕದಲ್ಲಿ ಆನ್‌ಸೈಟ್ ಇದ್ದು ಬಂದವರು ಇದನ್ನು ಮರೆಯುವುದೇ ಹೆಚ್ಚು. ಕಾಯಂ ನಿವಾಸ ದೊರಕಿದ ಮೇಲೂ ಪೌರತ್ವ ಭಾರತದ್ದೇ, ಪಾಸ್‌ಪೋರ್ಟೂ ನಮ್ಮದೇ. ಆದರೆ ಆ ನಿವಾಸವನ್ನು ಉಳಿಸಿಕೊಳ್ಳಲು ಪ್ರತಿ ಐದು ವರ್ಷಗಳಲ್ಲಿ 730 ದಿನ ಕೆನಡಾದ ನೆಲದಲ್ಲಿರಬೇಕು. ಒಮ್ಮೆ ಹೋಗಿ ಇಳಿದು ಕಾರ್ಡು ಮಾಡಿಸಿಕೊಂಡು, ವಯಸ್ಸಾದ ತಾಯಿತಂದೆಯರಿಗಾಗಿ ಬಸವೇಶ್ವರನಗರಕ್ಕೆ ಮರಳಿ, ಮುಂದೆ ಯಾವಾಗಲಾದರೂ ಹೋದರಾಯಿತೆಂದು ಎಣಿಸುವವರು ಈ ಏಳುನೂರ ಮೂವತ್ತನ್ನು ಮೊದಲ ದಿನದ ಲೆಕ್ಕದಲ್ಲಿಯೇ ಸೇರಿಸಿಕೊಳ್ಳಬೇಕು.